ಅಲಾಯಿ ದೇವರು ಕೊಟ್ಟ ಹೆಸರು

ದೇವದುರ್ಗದ ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕರೆದರೆ ಐವರು ಎದ್ದು 'ಹಾಜರ್ ಸರ್' ಅನ್ನುತ್ತಿದ್ದೆವು. ಮೊಹರಂನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತು ಪಡೆದ ಮಕ್ಕಳು ನಾವು. ಮುಲ್ಲಾನ ಕೈಯಲ್ಲಿ ಸಕ್ಕರೆ ಓದಿಸಿ, ಅಂದರೆ ದೇವರ ಮುಂದೆ ಸಕ್ಕರೆಯಿಟ್ಟು ಪ್ರಾರ್ಥನೆ ಓದಿಸಿ, ಇಟ್ಟ ಹೆಸರು ಅದು. ಮೊದಲ ಅರ್ಧ ಆ ದೇವರ ಮುಸಲ್ಮಾನ ಹೆಸರು, ಕೊನೆಯ ಅರ್ಧ ನಮ್ಮವರು ಎಲ್ಲರಿಗೂ ಹಚ್ಚುವ 'ಅಪ್ಪ'. ಐವರ ಹಣೆಯಲ್ಲೂ ವಿಭೂತಿ ಇರುತ್ತಿತ್ತು. ಇದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಊರಲ್ಲಿ ಯಾರೂ ನಮಗೆ ಹೇಳಿರಲಿಲ್ಲ.

ಅದು ಗೊತ್ತಾದದ್ದು ಮಾನ್ವಿಯಲ್ಲಿ, ನಾನು ಗುಮಾಸ್ತನಾಗಿ ಸೇರಿದ ದಿನ. ಬೇರೆ ಸೀಮೆಯಿಂದ ಬಂದಿದ್ದ ಸಾಹೇಬರು ಕಾಗದ ನೋಡಿ, ನನ್ನ ಹಣೆ ನೋಡಿ, ಮತ್ತೆ ಕಾಗದ ನೋಡಿ, "ನೀವು ಯಾವ ಕಡೆಯವರು?" ಎಂದರು. ದೇವದುರ್ಗದ ಕಡೆಯವನೆಂದೆ. ಅವರಿಗೆ ಬೇಕಾಗಿದ್ದ ಉತ್ತರ ಅದಲ್ಲ. ಅಂದಿನಿಂದ ಹೆಸರು ಹೇಳುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ಚಟ ಹತ್ತಿತು.

ಎಂಬತ್ತರ ದಶಕದ ಆರಂಭದಲ್ಲಿ ರಾಯಚೂರಿಗೆ ವರ್ಗವಾಯಿತು. ಅಲ್ಲೇ ಮಗ ಹುಟ್ಟಿದ. ತೊಟ್ಟಿಲಿಗೆ ಹಾಕುವ ಮೊದಲೇ ಜ್ವರ ಬಂದು ಕೂಸು ಉಳಿಯುವುದೇ ಅನುಮಾನವಾದಾಗ ಅವ್ವ ಅದೇ ದೇವರಿಗೆ, ಉಳಿದರೆ ನಿನ್ನ ಹೆಸರೇ ಇಡುತ್ತೇನೆಂದು, ಅದೇ ಹರಕೆ ಹೊತ್ತಳು. ಕೂಸು ಉಳಿಯಿತು. ಆದರೆ ಅಷ್ಟರಲ್ಲಿ ನಾನು ಪೇಟೆಯವನಾಗಿದ್ದೆ. ಹೊಸ ಮಾದರಿಯ ಪುಟ್ಟ ಸಂಸ್ಕೃತದ ಹೆಸರೊಂದನ್ನು ಆರಿಸಿದೆ. ಅರ್ಥ ಗೊತ್ತಿರಲಿಲ್ಲ, ಓದಿದವರ ಮನೆಯ ಹೆಸರಿನಂತೆ ಕೇಳಿಸುತ್ತಿತ್ತು, ಅಷ್ಟೆ.

"ಯಪ್ಪಾ, ದೇವ್ರಿಗೆ ಮಾತು ಕೊಟ್ಟೀನಿ. ತಪ್ಪಿದ್ರ ಕೂಸಿಗೆ ಏನರ ಆದ್ರ?" ಎಂದು ಅವ್ವ ಮೂರು ದಿನ ಬೇಡಿಕೊಂಡಳು.

"ಆ ಹೆಸರು ಹೊತ್ಕೊಂಡು ನಾ ಪಟ್ಟಿದ್ದು ಸಾಕು ಬಿಡವ್ವಾ" ಎಂದೆ.

ನಾಲ್ಕನೆಯ ದಿನ ಅವಳು ದೇವದುರ್ಗದ ಬಸ್ಸು ಹತ್ತಿದಳು. ಮೊಹರಂ ಮುಗಿಸಿ ಮರಳಿದ ಮೇಲೆ ಆ ಮಾತೇ ಎತ್ತಲಿಲ್ಲ. ಗೆದ್ದೆನೆಂದುಕೊಂಡೆ. ಮೊಮ್ಮಗನನ್ನು ಮಾತ್ರ ಹರಕೆಯ ಹೆಸರಿನಿಂದಲೇ ಕರೆಯುತ್ತಿದ್ದಳು. ಮುದುಕಿಯ ಹಟ ಎಂದು ಸುಮ್ಮನಾದೆ.

ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರು ಹುಡುಗನನ್ನೇ ಹೆಸರು ಕೇಳಿದರು. ಅವನು ಅಜ್ಜಿ ಕರೆಯುವ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟ. ನಾನು ಗಂಟಲು ಸರಿಮಾಡಿಕೊಂಡು, ನಾನಿಟ್ಟ ಹೆಸರು ಹೇಳಿದೆ.

"ಅದು ಬ್ಯಾಡ್ರೀ," ಎಂದರು ಅವರು. "ಒಂದನೇ ಕ್ಲಾಸಿನ್ಯಾಗ ಆ ಹೆಸರಿನವು ಆಗಲೇ ಆರು ಅದಾವ. ಹುಡುಗ ಹೇಳಿದ್ದ ಬರಿತೀನಿ, ಇವ ಒಬ್ಬನ ಆಗ್ತಾನ."

ಬರೆದೇಬಿಟ್ಟರು. ನನಗೆ ನಾಚಿಕೆಯಾಯಿತು, ಯಾಕೋ ಹಗುರವೂ ಆಯಿತು. ಇಷ್ಟು ವರ್ಷ ಅವ್ವ ಒಳಗೊಳಗೇ ಹೆದರಿಕೊಂಡಿದ್ದಾಳೆಂದು ಆಗ ಹೊಳೆಯಿತು. ದಾರಿಯಲ್ಲಿ ಅರ್ಧ ಕಿಲೋ ಸಕ್ಕರೆ ಕೊಂಡೆ. ದೇವದುರ್ಗಕ್ಕೆ ಹೋಗಿ ಓದಿಸಿಕೊಂಡು ಬರಲಿ, ಅವಳ ಹರಕೆ ತೀರಲಿ ಎಂದು ಪೊಟ್ಟಣವನ್ನು ಅವಳ ಕೈಗಿಟ್ಟು, ನಡೆದದ್ದನ್ನು ಹೇಳಿದೆ.

ಅವ್ವ ಪೊಟ್ಟಣದ ತೂಕ ನೋಡಿದಳು.

"ಸಕ್ರಿ ಓದಿಸಿ, ಹೆಸರಿಟ್ಟು, ಐದು ವರ್ಷಾತು. ನೀ ಹೂಂ ಅನ್ನೂತನಕ ಕೂಸಿನ ಜೀವ ಪಣಕ್ಕಿಟ್ಟು ಕುಂದ್ರಬೇಕಿತ್ತೇನು? ಇದು ಚಹಾಕ್ಕ ಆಗ್ತದ, ಒಳಗಿಡು."