ದಿಬ್ಬದ ಸ್ಟ್ಯಾಂಡಿಗೆ ದಿನಾ ಆರು ಸೈಕಲ್

ಬೆಳಗಿನ ಐದೂ ಮುಕ್ಕಾಲು. ಕೊಳ್ಳೇಗಾಲದ ಬಸ್ ನಿಲ್ದಾಣದ ಪಕ್ಕದ ಸೈಕಲ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂದಿನ ಸಂಜೆ ಹನೂರು, ಯಳಂದೂರು, ಸತ್ತೇಗಾಲದ ಬಸ್ಸು ಹಿಡಿಯಲು ಬಂದವರೆಲ್ಲ ಬಾಡಿಗೆ ಸೈಕಲ್ಲುಗಳನ್ನು ಇಲ್ಲಿಯೇ ಒರಗಿಸಿ ಹೋಗಿದ್ದಾರೆ. ಕೆಲವು ಕಂಬಿಗೆ ಆತುಕೊಂಡಿವೆ, ಕೆಲವು ಒಂದರ ಮೇಲೊಂದು ಬಿದ್ದಿವೆ. ಮಾಂಬಳ್ಳಿಯ ಕಡೆಯಿಂದ ಬಂದ ಮೊದಲ ಬಸ್ಸಿನಿಂದ ಇಳಿದ ಆಶಾರಾಣಿ ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಏರಿಸಿ, ಸೆರಗು ಬಿಗಿದು, ಮೊದಲು ಬಿದ್ದವನ್ನು ಎತ್ತಿ ನಿಲ್ಲಿಸುತ್ತಾರೆ. ಆಮೇಲೆ ಒಂದೊಂದರ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಗಾಳಿ ಗಟ್ಟಿಯಿರುವುದನ್ನು ಆರಿಸಿ, ಕಾರ್ಡು ತಾಗಿಸಿ, ಬೀಗ ತೆಗೆಯುತ್ತಾರೆ.

ಒಂದೂವರೆ ಕಿಲೋಮೀಟರ್ ದೂರದಲ್ಲಿ, ದಿಬ್ಬದ ಮೇಲಿನ ಹೊಸ ಬಡಾವಣೆಯಲ್ಲಿ ಇನ್ನೊಂದು ಸ್ಟ್ಯಾಂಡಿದೆ. ಈ ಹೊತ್ತಿಗೆ ಅಲ್ಲಿ ಒಂದು ಸೈಕಲ್ಲೂ ಇರುವುದಿಲ್ಲ. ಜನ ದಿಬ್ಬ ಇಳಿಯುವಾಗ ಸೈಕಲ್ ತುಳಿಯುತ್ತಾರೆ, ಹತ್ತುವಾಗ ಆಟೊ ಹಿಡಿಯುತ್ತಾರೆ. ಇಳಿದ ಸೈಕಲ್ಲು ತಾನಾಗಿ ಮೇಲೆ ಹತ್ತಬೇಕಲ್ಲ? ಯಾರಾದರೂ ಒಯ್ಯಬೇಕು. ಒಂಬತ್ತು ತಿಂಗಳಿನಿಂದ ಒಯ್ಯುತ್ತಿರುವವರು ಮೂವತ್ಮೂರು ವರ್ಷದ ಈ ಹೆಂಗಸು.

ಇವತ್ತು ಅವರ ಬಲಗೈಯಲ್ಲಿ ಒಂದು ಸೈಕಲ್ಲಿದೆ. ಎಡಗೈ ಖಾಲಿ. ಹದಿನೈದು ದಿನದ ಹಿಂದಿನ ತನಕ ಆ ಕೈಯಲ್ಲೂ ಒಂದು ಇರುತ್ತಿತ್ತು.

‘ಒಂದ್ ತಕಂಡ್ ಓಯ್ತಾ ಇದ್ರೆ ಮೈ ಒಂದ್ ಕಡೀಕೆ ವಾಲ್ದಂಗಾಯ್ತದೆ ಸಾ. ಎರಡಿದ್ರೇ ನಂಗ್ ಸರಿ’ ಎನ್ನುತ್ತಾರೆ ಆಶಾರಾಣಿ. ಏರು ಶುರುವಾಗುವ ತನಕ ಒಂದನ್ನು ತುಳಿಯುತ್ತ, ಇನ್ನೊಂದರ ಹ್ಯಾಂಡಲ್ಲಿನ ನಡುಮಧ್ಯ ಹಿಡಿದು ಪಕ್ಕದಲ್ಲೇ ಓಡಿಸಿಕೊಂಡು ಹೋಗುವುದು ಅವರ ರೀತಿ. ಏರಿನಲ್ಲಿ ಇಳಿದು, ಎರಡರ ನಡುವೆ ನಿಂತು, ಜೋಡಿ ಎತ್ತು ಹೊಡೆದುಕೊಂಡು ಹೋಗುವಂತೆ ಎರಡನ್ನೂ ತಳ್ಳುತ್ತಾರೆ. ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಹಂಚಿದ ದಿನ ಗೆಳತಿಯೊಬ್ಬಳು ನಾಟಿ ಕೆಲಸಕ್ಕೆ ಹೋಗಿ ಶಾಲೆ ತಪ್ಪಿಸಿದ್ದಳಂತೆ. ಅವಳದನ್ನೂ ಸೇರಿಸಿ ಎರಡನ್ನು ಊರಿಗೆ ತಂದಾಗ ಕಲಿತ ವಿದ್ಯೆ ಇದು. ‘ಮೂರ್ ಸಲ ಗದ್ದೆಗೆ ಬಿದ್ದಿದ್ದೆ. ಸೈಕಲ್ಗೆ ಮಾತ್ರ ಒಂದ್ ಗೀರೂ ಆಗ್ನಿಲ್ಲ’ ಎಂದು ನಗುತ್ತಾರೆ.

ಹೊಟ್ಟೆಪಾಡಿಗೆ ಆಶಾರಾಣಿ ಮಾಡುವುದು ಬೇರೆ ಕೆಲಸ. ದಿಬ್ಬದ ಮೇಲೆ ರೇಷ್ಮೆ ನೂಲಿಗೆ ಹುರಿ ಹಾಕುವ ಘಟಕವೊಂದಿದೆ. ಏಳೂವರೆಯಿಂದ ಸಂಜೆ ಐದರವರೆಗೆ ನೂಲು ಸುತ್ತುವ ಸಾಲು ಸಾಲು ಕದಿರುಗಳ ಮುಂದೆ ನಿಂತು, ಕಡಿದ ಎಳೆಯನ್ನು ಗಂಟು ಹಾಕುವುದು ಅವರ ಪಾಲಿನ ಕೆಲಸ. ಗಂಡ ರಂಗಸ್ವಾಮಿ ಯಳಂದೂರಿನ ಕಡೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾರೆ. ಬಸ್ ನಿಲ್ದಾಣದಿಂದ ದಿಬ್ಬಕ್ಕೆ ಹೋಗಲಿಕ್ಕೆಂದೇ ಆಶಾರಾಣಿ ಈ ಬಾಡಿಗೆ ಸೈಕಲ್ಲಿನ ಸದಸ್ಯೆಯಾದದ್ದು. ಮೊದಮೊದಲು ಒಂದು ಸೈಕಲ್ ತೆಗೆದುಕೊಂಡು ಹೋಗಿ, ಮೇಲೆ ಬಿಟ್ಟು, ಕೆಲಸಕ್ಕೆ ಸೇರುತ್ತಿದ್ದರು. ಅಷ್ಟೇ.

ಅದು ಬದಲಾದದ್ದು ದೀಪಶ್ರೀಯಿಂದ. ಹೊನ್ನೂರಿನ ಈ ಹುಡುಗಿ ದಿಬ್ಬದ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಪರೀಕ್ಷೆಯ ದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಬಂದರೆ ಸೈಕಲ್ಲಿಲ್ಲ, ಆಟೊ ಇಲ್ಲ. ಓಡುತ್ತ ಹೊರಟು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಚಾಮರಾಜನಗರದ ಬಸ್ಸು ಹೊರಟು ಹೋಗಿತ್ತು. ಒಂದು ವಿಷಯದ ಪರೀಕ್ಷೆ ತಪ್ಪಿತು. ‘ಅಕ್ಕ ಎದುರಿಗೆ ಸೈಕಲ್ ತಳ್ಕೊಂಡು ಬರ್ತಾ ಇದ್ರು. ನಾನು ಅಳ್ತಾ ಓಡ್ತಾ ಇದ್ದೆ. ಅಕ್ಕ ಸೈಕಲ್ ತಿರುಗ್ಸಿ ಕೊಟ್ರು, ಆದ್ರೂ ಬಸ್ ಸಿಗ್ಲಿಲ್ಲ’ ಎಂದು ನೆನೆಯುತ್ತಾಳೆ ದೀಪಶ್ರೀ. ಮರುದಿನದಿಂದ ಆಶಾರಾಣಿ ಒಂದು ಗಂಟೆ ಮುಂಚಿನ ಬಸ್ಸು ಹತ್ತತೊಡಗಿದರು.

ಸೈಕಲ್ ಬಾಡಿಗೆಗೆ ಕೊಡುವ ಕಂಪನಿಯವರು ಇಂಥ ಕೆಲಸಕ್ಕೆಂದೇ ಒಂದು ಏರ್ಪಾಡು ಮಾಡಿದ್ದಾರೆ. ತುಂಬಿದ ಸ್ಟ್ಯಾಂಡಿನಿಂದ ಬರಿದಾದ ಸ್ಟ್ಯಾಂಡಿಗೆ ಸೈಕಲ್ ಒಯ್ದರೆ ಒಂದು ಅಂಕ. ಐನೂರು ಅಂಕಕ್ಕೆ ವರ್ಷದ ಸದಸ್ಯತ್ವ ಪುಕ್ಕಟೆ. ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಸ್ವಯಂಸೇವಕರಿಗೆ ಆಜೀವ ಸದಸ್ಯತ್ವ, ಶಾಲು, ಪ್ರಮಾಣಪತ್ರ. ಕೇಳಲು ಚೆನ್ನಾಗಿದೆ. ಆದರೆ ಒಂದು ಕಾರ್ಡಿಗೆ ಒಂದು ಹೊತ್ತಿಗೆ ಒಂದೇ ಬೀಗ ತೆರೆಯುತ್ತದೆ. ಸೈಕಲ್ ಮೇಲಿಟ್ಟು, ತೆಂಗಿನ ತೋಟದ ಕಾಲುದಾರಿಯಲ್ಲಿ ನಡೆದು ಇಳಿದು, ಮತ್ತೆ ತರಬೇಕು. ಕೆಲಸಕ್ಕೆ ಸೇರುವ ಮೊದಲು ಮೂರು ಸುತ್ತಿಗಿಂತ ಹೆಚ್ಚಾಗುವುದಿಲ್ಲ. ಮೂರು ಸುತ್ತಿಗೆ ಮೂರು ಸೈಕಲ್ಲು. ಬೆಳಿಗ್ಗೆ ಹಾಸ್ಟೆಲ್ಲಿನಿಂದ ದಿಬ್ಬ ಇಳಿಯುವ ಹುಡುಗಿಯರು ಆರು ಜನ.

ಆಶಾರಾಣಿ ಕಂಪನಿಯ ಆಫೀಸಿಗೆ ಹೋಗಿ ಕೇಳಿದರು. ಒಂದು ಕಾರ್ಡಿಗೆ ಎರಡು ಸೈಕಲ್ ಕೊಡಿ, ಎರಡು ತರುತ್ತೇನೆ. ಆಗ ಸ್ಥಳೀಯ ಮೇಲ್ವಿಚಾರಕ ಶಾಂತಮೂರ್ತಿ ಹೇಳಿದ್ದು ಅವರಿಗೆ ಅಕ್ಷರ ಬಿಡದೆ ನೆನಪಿದೆ: ‘ಸಿಸ್ಟಂನಲ್ಲಿ ಆಗಲ್ಲಮ್ಮ. ಮನೆಯವರ ಹೆಸರಲ್ಲಿ ಇನ್ನೊಂದು ಮಾಡಿಸ್ಕೊಳ್ಳಿ.’

ಮಾಡಿಸಿಕೊಂಡರು. ಮನೆಯವರು ಎಂದರೆ ಯಾರು? ಗಂಡ ಗಿರಣಿಗೆ ಹೋಗಿರುತ್ತಾರೆ. ಉಳಿದದ್ದು ಅತ್ತೆ ಚಿಕ್ಕನಿಂಗಮ್ಮ, ಅರವತ್ತಾರರ ಮುದುಕಿ. ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ಆಫೀಸಿನ ಮುಂದೆ ಇಳಿಸಿದರು. ಚಿಕ್ಕನಿಂಗಮ್ಮ ಊರುಗೋಲು ಊರಿಕೊಂಡು ಮೆಟ್ಟಿಲು ಹತ್ತಿದರು, ಹೆಬ್ಬೆಟ್ಟು ಒತ್ತಿದರು. ಫೋಟೊ ತೆಗೆದವರು ಶಾಂತಮೂರ್ತಿಯವರೇ. ‘ಅಜ್ಜಿ, ಸ್ವಲ್ಪ ನಗಿ’ ಎಂದೂ ಅಂದಿದ್ದರಂತೆ. ಈ ಅಜ್ಜಿ ಸೈಕಲ್ ತುಳಿಯುವವಳಲ್ಲ ಎಂದು ಅಂದು ಅವರ ಕಣ್ಣಿಗೆ ಕಾಣಲಿಲ್ಲವೇ?

ಅಲ್ಲಿಂದ ದಿನಕ್ಕೆ ಆರು ಸೈಕಲ್ಲು, ವಾರಕ್ಕೆ ಆರು ದಿನ. ಹಬ್ಬಕ್ಕೆ ಮಾತ್ರ ರಜೆ. ಇಬ್ಬರ ಕಾರ್ಡೂ ಸೇರಿ ಸಾವಿರದ ಇನ್ನೂರಕ್ಕೂ ಮೇಲೆ ಅಂಕ ಕೂಡಿತ್ತು. ಅಂದರೆ ಅಷ್ಟು ಸೈಕಲ್ಲುಗಳು ಆ ಏರು ಹತ್ತಿವೆ, ಒಬ್ಬ ಹೆಂಗಸಿನ ತೋಳಿನ ಬಲದಲ್ಲಿ. ಅದಕ್ಕಾಗಿ ಒಂದು ಮೋಟಾರು ಗಾಡಿಯ ಡೀಸೆಲ್ ಸುಟ್ಟಿಲ್ಲ, ಕಂಪನಿ ಒಬ್ಬ ಆಳಿಗೆ ಸಂಬಳ ಕೊಟ್ಟಿಲ್ಲ.

ಹದಿನೈದು ದಿನದ ಹಿಂದೆ ಬೆಂಗಳೂರಿನ ಆಫೀಸಿನಿಂದ ಚಿಕ್ಕನಿಂಗಮ್ಮನ ನಂಬರಿಗೆ ಫೋನು ಬಂತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವರು ಆ ಮಾತುಕತೆಯನ್ನು ಈಗಲೂ ಹಣೆ ಚಚ್ಚಿಕೊಂಡು ಹೇಳುತ್ತಾರೆ.

‘ಅಜ್ಜಿ, ಇವತ್ತು ಬೆಳಿಗ್ಗೆ ಮೂರು ಸಲ ಸೈಕಲ್ ಓಡಿಸಿದ್ದೀರಾ ಅಂತ ಕೇಳ್ತು ಒಂದ್ ಎಣ್ಣು. ನಾನಾ? ಸೈಕಲ್ಲಾ? ಬಚ್ಚಲ್ಗೆ ಓಗಾಕೇ ಗೋಡೆ ಇಡ್ಕತೀನಿ ಕನವ್ವ ಅಂದೆ. ಅಂಗಾರೆ ನಿಮ್ ಕಾರ್ಡು ಯಾರ ಅತ್ರ ಅದೆ ಅಂದ್ಳು. ನನ್ ಸೊಸೆತವ್ ಅದೆ, ರೇಷನ್ ಕಾರ್ಡು, ಆಧಾರ್ ಕಾರ್ಡು ಎಲ್ಲಾನೂ ಅವ್ಳೇ ಮಡಗಿರಾದು ಅಂದೆ. ನಿಜಾನೇ ಯೋಳ್ದೆ. ನಿಜ ಯೋಳಿದ್ಕೆ ಇಂಗಾಯ್ತದೆ ಅಂತ ಯಾರಪ್ಪಂಗೆ ಗೊತ್ತು?’

ಆ ಒಂದು ಮಾತಿಗೆ ಅತ್ತೆಯ ಕಾರ್ಡು ಅಂದೇ ಸತ್ತಿತು. ಇಬ್ಬರ ಅಂಕವೂ ಸೊನ್ನೆಯಾಯಿತು. ಐದು ಜನರ ಅನ್ನ ಒಂದೇ ರೇಷನ್ ಕಾರ್ಡಿನಲ್ಲಿ ಬರುವ ಮನೆಯಲ್ಲಿ, ಕಾರ್ಡು ಎಂದರೆ ಮನೆಯದು. ಅದನ್ನು ಜೋಪಾನವಾಗಿ ಇಡುವವಳು ಸೊಸೆ. ಇದು ಮೋಸವೆಂದು ಮಾಂಬಳ್ಳಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ಕೂತ ಯಂತ್ರಕ್ಕೆ ಮಾತ್ರ, ಎರಡು ಕಾರ್ಡು ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋದದ್ದೇ ದೊಡ್ಡ ಅಪರಾಧವಾಗಿ ಕಂಡಿತು. ಹೋದ ಸೈಕಲ್ಲು ಎರಡು, ಮುಟ್ಟಿದ ಸೈಕಲ್ಲು ಎರಡು ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಶಾರಾಣಿ ಸಹಿಸಿಕೊಳ್ಳುತ್ತಿದ್ದರೇನೋ. ಬಸ್ ನಿಲ್ದಾಣದ ಸ್ಟ್ಯಾಂಡಿನ ತಗಡಿನ ಬೋರ್ಡಿಗೆ ಒಂದು ಹಾಳೆ ಅಂಟಿಸಿದ್ದಾರೆ. ‘ದುರ್ಬಳಕೆ ಮಾಡಿದವರು’ ಎಂಬ ತಲೆಬರಹದ ಕೆಳಗೆ ಎರಡೇ ಹೆಸರು: ಆಶಾರಾಣಿ, ಮಾಂಬಳ್ಳಿ. ಚಿಕ್ಕನಿಂಗಮ್ಮ, ಮಾಂಬಳ್ಳಿ. ಅದರ ಪಕ್ಕದಲ್ಲೇ ಬಣ್ಣದ ಇನ್ನೊಂದು ಹಾಳೆ: ‘ಸ್ವಯಂಸೇವಕರು ಬೇಕಾಗಿದ್ದಾರೆ.’ ಎರಡನ್ನೂ ಅಂಟಿಸಿದ ಕೈಗೆ ನಾಚಿಕೆಯಾಗಲಿಲ್ಲ.

ಮಾಂಬಳ್ಳಿಯಿಂದ ಬರುವವರೆಲ್ಲ ಇಳಿಯುವುದು ಆ ಬೋರ್ಡಿನ ಎದುರಿಗೇ. ಮರುದಿನವೇ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ದನಿ ಬಂತು: ‘ಯಾನಮ್ಮಿ ಆಶಾ, ಅತ್ತೆ ಸೊಸೆ ಸೇರ್ಕಂಡು ಸೈಕಲ್ ಮಾರ್ಕಂಡ್ರಂತೆ? ನಮ್ಗೂ ಒಂದ್ ಕೊಡ್ಬಾರ್ದಾ?’ ಬಸ್ಸೆಲ್ಲ ನಕ್ಕಿತು. ತಮಾಷೆಯ ಮಾತೇ ಇರಬಹುದು. ಆಶಾರಾಣಿ ಕೊಳ್ಳೇಗಾಲ ಬರುವ ತನಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಚಿಕ್ಕನಿಂಗಮ್ಮನಂತೂ ನೀರಿಗೆಂದು ನಲ್ಲಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಇನ್ನು ವರ್ಷದ ಅತ್ಯುತ್ತಮ ಸ್ವಯಂಸೇವಕ. ಆ ಗೌರವ ಬಸವಕುಮಾರ್ ಎಂಬ ತರುಣನಿಗೆ ಸಂದಿದೆ. ಮಾರ್ಕೆಟ್ಟಿನಲ್ಲಿ ಅಪ್ಪನ ದಿನಸಿ ಅಂಗಡಿ ನೋಡಿಕೊಳ್ಳುವ ಅವರ ಅಂಕ ಎರಡು ಸಾವಿರ ದಾಟಿದೆ. ಅಂಗಡಿಯ ಎದುರಿಗೊಂದು ಸ್ಟ್ಯಾಂಡಿದೆ, ಇನ್ನೂರು ಗಜದಾಚೆ ಇನ್ನೊಂದು. ಸಪಾಟು ರಸ್ತೆ. ಇಲ್ಲಿಂದ ಅಲ್ಲಿಗೆ ಒಯ್ದು ಅದನ್ನು ತುಂಬಿಸುವುದು, ಅದು ತುಂಬಿದ ಮೇಲೆ ಅಲ್ಲಿಂದ ಇಲ್ಲಿಗೆ ತರುವುದು. ಪ್ರತಿ ಸಲವೂ ಒಂದು ಅಂಕ. ಅದರಿಂದ ಯಾರಿಗೆ ಸೈಕಲ್ ಸಿಕ್ಕಿತೆಂದು ಯಾರೂ ಕೇಳಿಲ್ಲ. ಕೇಳಿದರೆ ಬಸವಕುಮಾರ್ ಮುಚ್ಚುಮರೆ ಮಾಡುವುದಿಲ್ಲ. ‘ಆಟ ಅವರೇ ಮಾಡಿದ್ದು ಕಣ್ರಿ, ನಾನು ಆಡ್ದೆ. ನಂದೇನ್ ತಪ್ಪು? ಆದ್ರೆ ಒಂದ್ ಮಾತು. ಆಯಮ್ಮನ ಥರ ದಿಬ್ಬ ಹತ್ಸು ಅಂದ್ರೆ ಒಂದೇ ದಿನಕ್ಕೆ ಕೈ ಮುಗೀತೀನಿ. ಶಾಲು ಹೊದಿಸ್ಕಂಡಾಗ ನಂಗೂ ಒಂಥರಾ ಆಯ್ತು’ ಎನ್ನುತ್ತಾರೆ.

ಆಶಾರಾಣಿಯ ಕಾರ್ಡು ಈ ತಿಂಗಳ ಕೊನೆಯ ತನಕ ನಡೆಯುತ್ತದೆ, ಅಂಕವಿಲ್ಲದೆ. ಅಷ್ಟರಲ್ಲಿ ತಪ್ಪೊಪ್ಪಿಗೆ ಬರೆದುಕೊಟ್ಟರೆ ಸದಸ್ಯತ್ವ ಉಳಿಯುತ್ತದೆ, ಹೆಸರೂ ಬೋರ್ಡಿನಿಂದ ಇಳಿಯುತ್ತದೆ. ಇಲ್ಲದಿದ್ದರೆ ಎರಡೂ ಇಲ್ಲ. ಅಂಕವಿಲ್ಲದಿದ್ದರೂ ಅವರು ದಿನಾ ಮೂರು ಸುತ್ತು ಬಿಟ್ಟಿಲ್ಲ. ಸುತ್ತಿಗೊಂದರಂತೆ ಮೂರು ಸೈಕಲ್ಲು ಮೇಲೆ ಮುಟ್ಟುತ್ತವೆ. ಏಳೂಕಾಲಿಗೆ ಹಾಸ್ಟೆಲ್ಲಿನ ಆರು ಹುಡುಗಿಯರಲ್ಲಿ ಮೂವರು ಅವನ್ನು ತೆಗೆದುಕೊಳ್ಳುತ್ತಾರೆ, ಮೂವರು ನಡೆಯುತ್ತಾರೆ. ಸರದಿಯ ಮೇಲೆ.

ಕಳೆದ ಶನಿವಾರ ಕೆಲಸ ಮುಗಿಸಿ ಆಶಾರಾಣಿ ಆಫೀಸಿಗೆ ಹೋಗುತ್ತಾರೆ. ಶಾಂತಮೂರ್ತಿ ಮೊದಲೇ ಅಚ್ಚು ಹಾಕಿಸಿದ ಪತ್ರವೊಂದನ್ನು ಮುಂದಿಡುತ್ತಾರೆ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದೆ.

‘ಇಲ್ಲಿ ಒಂದು ಸೈನ್ ಹಾಕ್ಬಿಡಿ ಅಮ್ಮ, ಮುಗೀತು. ಸೋಮವಾರ ಹೆಸರು ತೆಗೆಸ್ತೀನಿ.’

‘ಓದ್ತೀನಿ ಇರಿ ಸಾ.’

‘ಓದೋದೇನಿದೆ? ಎಲ್ಲರಿಗೂ ಒಂದೇ ಫಾರಂ.’

ಎಸ್ಸೆಸ್ಸೆಲ್ಸಿ ಪಾಸಾದ ಆಶಾರಾಣಿ ಬೆರಳಿಟ್ಟು ಸಾಲು ಸಾಲು ಓದುತ್ತಾರೆ. ‘ಅನ್ಯರ ಹೆಸರಿನ ಸದಸ್ಯತ್ವವನ್ನು ದುರುದ್ದೇಶದಿಂದ ಬಳಸಿ, ಅರ್ಹವಲ್ಲದ ಅಂಕಗಳನ್ನು ಗಳಿಸಿರುತ್ತೇನೆ.’ ಅಲ್ಲಿಗೆ ಬೆರಳು ನಿಲ್ಲುತ್ತದೆ.

‘ಅರ್ಹವಲ್ದಿದ್ದು ಅಂದ್ರೆ ಯಾವ್ದು ಸಾ? ಸೈಕಲ್ ಮೇಲಕ್ಕೋಗ್ನಿಲ್ವಾ?’

‘ಹೋಯ್ತಮ್ಮ. ಆದ್ರೆ ಕಾರ್ಡು ನಿಮ್ಮತ್ತೇದಲ್ವಾ?’

‘ಮನೆಯವ್ರ ಎಸ್ರಲ್ಲಿ ಮಾಡುಸ್ಕೊ ಅಂದೋರು ನೀವೇ ಅಲ್ವಾ?’

‘ಮನೆಯವ್ರು ಬಂದು ಓಡಿಸ್ಲಿ ಅಂತ ನಾನು ಹೇಳಿದ್ದು.’

‘ಕೋಲ್ ಊರ್ಕಂಡ್ ಬಂದೋರ್ನ ನೀವೇ ನಗಿ ಅಂತ ಫೋಟೊ ತೆಗುದ್ರಿ. ಅವ್ರು ದಿಬ್ಬ ತುಳೀತಾರೆ ಅನ್ಕಂಡಿದ್ರಾ?’

ಶಾಂತಮೂರ್ತಿ ಕಂಪ್ಯೂಟರಿನ ಕಡೆ ನೋಡುತ್ತಾರೆ. ತಾನೂ ಸಂಬಳದ ಆಳು, ಮೇಲಿನವರು ಹೇಳಿದಂತೆ ಮಾಡಬೇಕು ಎಂದು ಗೊಣಗುತ್ತಾರೆ. ಅದು ಸುಳ್ಳಲ್ಲ. ಆದರೆ ಮೇಲಿನವರಿಗೆ ‘ಆ ಸಲಹೆ ಕೊಟ್ಟವನು ನಾನೇ’ ಎಂದು ಒಂದು ಸಾಲು ಬರೆಯದಂತೆ ಯಾರೂ ಅವರ ಕೈ ಹಿಡಿದಿರಲಿಲ್ಲ.

ಆಶಾರಾಣಿ ಪೆನ್ನು ಕೇಳಿ ಪಡೆಯುತ್ತಾರೆ. ಅಚ್ಚಾದ ಸಾಲಿನ ಮೇಲೆ ಗೀಟು ಎಳೆಯುತ್ತಾರೆ. ಕೆಳಗಿನ ಖಾಲಿ ಜಾಗದಲ್ಲಿ ದುಂಡಗೆ ಬರೆಯುತ್ತಾರೆ: ‘ಎರಡು ಸೈಕಲ್ ಒಟ್ಟಿಗೆ ತರಲು ನಮ್ಮ ಅತ್ತೆಯ ಕಾರ್ಡು ಬಳಸಿದ್ದೇನೆ. ಬಳಸಲು ಇಲ್ಲಿಯೇ ಹೇಳಿದರು. ಪ್ರತಿ ಸೈಕಲ್ಲನ್ನೂ ದಿಬ್ಬಕ್ಕೆ ಮುಟ್ಟಿಸಿದ್ದೇನೆ.’ ಅದರ ಕೆಳಗೆ ಸಹಿ.

‘ಇದನ್ನ ಸಿಸ್ಟಂ ತಗೊಳಲ್ಲಮ್ಮ’ ಎನ್ನುತ್ತಾರೆ ಶಾಂತಮೂರ್ತಿ.

‘ನೀವ್ ತಕಳಿ ಸಾ’ ಎಂದು ಹಾಳೆಯನ್ನು ಅವರ ಮುಂದಿಟ್ಟು ಆಶಾರಾಣಿ ಮೆಟ್ಟಿಲು ಇಳಿಯುತ್ತಾರೆ.

ಕಂಪನಿಯಿಂದ ಇದುವರೆಗೆ ಉತ್ತರ ಬಂದಿಲ್ಲ. ತಿಂಗಳು ಮುಗಿಯಲು ಎಂಟು ದಿನ ಉಳಿದಿದೆ. ಸಹಿ ಹಾಕಿದ್ದರೆ ಸುಲಭವಾಗುತ್ತಿತ್ತಲ್ಲವೇ ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. ‘ನನ್ನೊಬ್ಳದೇ ಆಗಿದ್ರೆ ಹಾಕ್ತಿದ್ನೇನೋ. ಅದ್ಕೆ ಸೈನ್ ಹಾಕುದ್ರೆ ನಮ್ಮತ್ತೇನೂ ಕಳ್ಳಿ ಅಂತ ಒಪ್ಕಂಡಂಗಾಯ್ತದೆ ಸಾ. ಅವ್ರು ಪಾಪ, ಕೇಳಿದ್ಕೆ ನಿಜ ಯೋಳುದ್ರು.’ ಕಾರ್ಡು ಹೋದರೆ? ‘ನಡ್ಕಂಡ್ ಓಯ್ತೀನಿ. ಇಪ್ಪತ್ತೈದ್ ನಿಮಿಷ. ನಂಗೇನ್ ಕಾಲಿಲ್ವಾ?’

ಬೇಕಾದ್ದೇನು ಎಂದು ಕೇಳಿದರೆ ಆಜೀವ ಸದಸ್ಯತ್ವದ ಮಾತಾಗಲಿ ಶಾಲಿನ ಮಾತಾಗಲಿ ಅವರ ಬಾಯಿಂದ ಬರುವುದಿಲ್ಲ. ಊಟದ ಡಬ್ಬಿಯ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಹೇಳುತ್ತಾರೆ:

‘ಆ ಮಕ್ಳು ಇಳಿಯೋ ಒತ್ಗೆ ದಿಬ್ಬದಲ್ಲಿ ಆರು ಸೈಕಲ್ ಇರ್ಬೇಕು. ಆ ಹಾಳೇಲಿ ನಮ್ಮತ್ತೆ ಎಸ್ರು ಇರ್ಬಾರ್ದು. ನಂದ್ ಆಮೇಲೆ ನೋಡ್ಕಳನ ಬುಡಿ.’