ಹಿಮದಲ್ಲಿ ಮರ ಹತ್ತಿದ್ದು

ಮನುಷ್ಯರ ಕಾಲ್ಬೆರಳುಗಳನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ಮುಖ ನೋಡುತ್ತಾರೆ, ಕೈಯ ಉಂಗುರ ನೋಡುತ್ತಾರೆ, ತೀರಾ ಬಿಡುವಿದ್ದವರು ಅಂಗಿಯ ಗುಂಡಿ ಸರಿಯಾಗಿ ಹಾಕಿದೆಯೇ ಎಂದು ನೋಡುತ್ತಾರೆ. ಕಾಲ್ಬೆರಳಿನ ತನಕ ಇಳಿದು ಬರುವ ಪುರುಸೊತ್ತು ಇರುವುದು ಚಪ್ಪಲಿ ಅಂಗಡಿಯವರಿಗೆ ಮಾತ್ರ. ಜೀವಮಾನದಲ್ಲಿ ಮೊದಲ ಸಲ ಬೂಟು ಕೊಳ್ಳಲೆಂದು ನಾನು ಕೊಪ್ಪದ ಪೇಟೆಗೆ ಹೋದಾಗ ಅಂಗಡಿಯವರು ನನ್ನ ಪಾದವನ್ನು ಕೈಯಲ್ಲಿ ಹಿಡಿದು, ಅಕ್ಷರ ಸವೆದ ಶಾಸನ ಓದುವವರಂತೆ ಬಹಳ ಹೊತ್ತು ನಿಟ್ಟಿಸಿ, "ನಿಮ್ದು ಎಂತ ಕೆಲ್ಸ?" ಎಂದು ಕೇಳಿದರು. ತಪ್ಪು ಅವರದಲ್ಲ. ನನ್ನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಂದ ದೂರ ಸರಿದು, ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಅಣ್ಣನ ಹಾಗೆ ಬಿಗುಮಾನದಿಂದ ನಿಂತಿದೆ. ಹಾಗೆ ಹುಟ್ಟಿದ ಬೆರಳಲ್ಲ ಅದು. ನಲವತ್ತು ವರ್ಷದ ದುಡಿಮೆ ಅದನ್ನು ಹಾಗೆ ಮಾಡಿದೆ.

"ಮರಗಸಿ" ಎಂದೆ. ಅವರು ಎಲ್ಲ ಅರ್ಥವಾದವರಂತೆ ತಲೆದೂಗಿ, ಎರಡು ನಂಬರು ದೊಡ್ಡ ಬೂಟು ತಂದಿಟ್ಟರು.

ಬಯಲುಸೀಮೆಯ ಓದುಗರಿಗೆ ಮರಗಸಿಯೆಂದರೆ ತಿಳಿಯಲಿಕ್ಕಿಲ್ಲ. ಕಾಫಿ ಗಿಡಕ್ಕೆ ನೆರಳೂ ಬೇಕು, ಬೆಳಕೂ ಬೇಕು. ಎರಡೂ ಹಿತಮಿತವಾಗಿ ಬೇಕು. ಆ ಹಿತಮಿತವನ್ನು ಏರ್ಪಡಿಸಲು ಮಳೆಗಾಲದ ಮುಂಚೆ ತೋಟದ ದೊಡ್ಡ ಮರಗಳನ್ನು ಹತ್ತಿ, ಕೊಂಬೆ ಸವರಿ, ಕೆಳಗಿನ ಗಿಡಕ್ಕೆ ಆಕಾಶ ತೋರಿಸುವ ಕೆಲಸವೇ ಮರಗಸಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಈ ವಿದ್ಯೆ ಕಲಿಸಿದವನು ನನ್ನ ಸೋದರಮಾವ. ಅವನದು ಒಂದೇ ಕಟ್ಟಳೆ: ಚಪ್ಪಲಿಯನ್ನು ಬುಡದಿಂದ ದೂರ ಬಿಡಬೇಕು, ಮರ ಮುಟ್ಟಿ ಕೈಮುಗಿಯಬೇಕು, ಬರಿಗಾಲಲ್ಲಿ ಹತ್ತಬೇಕು. ಭಕ್ತಿಯ ಮಾತು ಒಂದು ಕಡೆಗಿರಲಿ, ಇದರಲ್ಲಿ ಲಾಭವೂ ಇದೆ. ತೊಗಟೆ ಜಾರುತ್ತಿದೆಯೋ, ಕೊಂಬೆಯ ಒಳಗೆ ಪೊಳ್ಳಾಗಿದೆಯೋ, ಇನ್ನೊಂದು ಹೆಜ್ಜೆಯ ಭಾರ ತಡೆಯುತ್ತದೋ ಇಲ್ಲವೋ ಎಂಬ ಸುದ್ದಿಯೆಲ್ಲ ಮೊದಲು ಬರುವುದು ಬೆರಳಿಗೆ. ಕಣ್ಣಿಗೆ ಬರುವಷ್ಟರಲ್ಲಿ ತಡವಾಗಿರುತ್ತದೆ. ನಮ್ಮೂರು ಬಸರೀಕಟ್ಟೆಯ ಸುತ್ತಿನ ತೋಟಗಳಲ್ಲಿ ನಾನು ಹತ್ತದ ಮರ ಕಡಿಮೆ, ಹತ್ತಿ ಬಿದ್ದ ಮರ ಒಂದೂ ಇಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನಲ್ಲಿ ಮರದ ವಿಷಯಕ್ಕೆ ನನಗೆ ಬುದ್ಧಿ ಹೇಳುವವರು ಯಾರೂ ಇಲ್ಲವೆಂದು ಬಹಳ ಹಿಂದೆಯೇ ತೀರ್ಮಾನವಾಗಿತ್ತು. ತೀರ್ಮಾನಿಸಿದವನು ನಾನೇ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಂಥ ಮಹಾಶಯನಿಗೆ ಬೂಟು ಯಾಕೆ ಬೇಕಾಯಿತೆಂದರೆ, ನನ್ನ ಹೆಂಡತಿ ಗಿರಿಜೆಗೆ ಹಿಮ ನೋಡಬೇಕಿತ್ತು. ಮೊಬೈಲಿನಲ್ಲಿ ಯಾರೋ ಹಿಮದುಂಡೆ ಎಸೆದಾಡುವುದನ್ನು ನೋಡಿದಂದಿನಿಂದ ಅವಳಿಗೆ ಅದೊಂದು ಧ್ಯಾನವಾಗಿತ್ತು. ಕಾಫಿ ಕೊಯ್ಲು ಮುಗಿದು ಮರಗಸಿ ಇನ್ನೂ ಸುರುವಾಗದ ಬಿಡುವಿನಲ್ಲಿ ಕೊಪ್ಪದಿಂದ ಒಂದು ಯಾತ್ರೆಯ ತಂಡ ಹೊರಟಿತು. ನನ್ನ ಜೊತೆ ಮೂವತ್ತು ವರ್ಷ ಮರ ಹತ್ತಿದ ಶೀನನೂ ಸಂಸಾರಸಮೇತ ಸೇರಿಕೊಂಡ. ಹರಿದ್ವಾರದಲ್ಲಿ ಪಾಪ ತೊಳೆದುಕೊಂಡು, ಹಗುರಾಗಿ, ಹಿಮಾಚಲದ ನಾರಕಂಡವೆಂಬ ಗಿರಿಧಾಮಕ್ಕೆ ಹತ್ತಿದೆವು. ಅಡಿಗೆಯವರು ನಮ್ಮ ಜೊತೆಯೇ ಇದ್ದುದರಿಂದ ಅಷ್ಟು ಎತ್ತರದಲ್ಲಿಯೂ ತಿಳಿಸಾರಿಗೆ ಕೊರತೆಯಿರಲಿಲ್ಲ.

ಹಿಮವನ್ನು ಮೊದಲು ಕಂಡಾಗ ನನಗೇನನ್ನಿಸಿತೆಂದು ಕೇಳಿದರೆ ಹೇಳಲು ಸಂಕೋಚ. ಗಿರಿಜೆ ಬಸ್ಸಿನಿಂದಿಳಿದವಳೇ ಎರಡು ಕೈಯಲ್ಲಿ ಹಿಮ ಬಾಚಿ ಕೆನ್ನೆಗೆ ಒತ್ತಿಕೊಂಡು ಕಣ್ಣೀರು ಹಾಕಿದಳು. ನಾನು ಮಾತ್ರ ಹಿಮದ ಭಾರಕ್ಕೆ ಬಾಗಿದ ದೇವದಾರು ಮರಗಳನ್ನು ನೋಡಿ, ಎಡಗಡೆಯ ಆ ಕೊಂಬೆಯನ್ನು ಹೋದ ವರ್ಷವೇ ತೆಗೆದಿದ್ದರೆ ಮರ ಇಷ್ಟು ಕಷ್ಟಪಡುತ್ತಿರಲಿಲ್ಲ ಎಂದುಕೊಂಡೆ. ಕಸುಬು ಮನುಷ್ಯನನ್ನು ರಜೆಯಲ್ಲೂ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ನಾನೂ ಶೀನನೂ ನಾವಿಳಿದುಕೊಂಡಿದ್ದ ಮನೆಯ ಹಿಂದಿನ ಸೇಬಿನ ತೋಟಕ್ಕೆ ಹೋದೆವು. ಎಲೆ ಉದುರಿಸಿದ ಬೋಳು ಮರಗಳ ನಡುವೆ ಮನೆಯ ಯಜಮಾನ, ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು, ಹಿಮದಲ್ಲಿ ಏಣಿ ಊರಿ ಗರಗಸದಿಂದ ಕೊಂಬೆ ಕೊಯ್ಯುತ್ತಿದ್ದ. ಒಂದು ಕೊಂಬೆ ಕೊಯ್ಯುವುದು, ಇಳಿಯುವುದು, ಏಣಿ ಸರಿಸುವುದು, ಮತ್ತೆ ಹತ್ತುವುದು. ಇದನ್ನು ನೋಡುತ್ತ ನಿಲ್ಲುವುದು ನನ್ನಂಥವನಿಗೆ ಶಿಕ್ಷೆ. ಕೈ ನೀಡಿದೆ, ಗರಗಸ ಕೊಡು ಎಂದು ಸನ್ನೆ ಮಾಡಿದೆ. ಅವನು ನಕ್ಕು ಕೊಟ್ಟ. ನಾನು ಬೂಟು ಕಳಚಿದೆ, ಕಾಲುಚೀಲ ಕಳಚಿದೆ, ಬುಡದಿಂದ ದೂರ ಇಟ್ಟೆ, ಮರ ಮುಟ್ಟಿ ಕೈಮುಗಿದೆ. ಯಜಮಾನ ನನ್ನ ಪಾದ ತೋರಿಸಿ, ನನಗೆ ತಿಳಿಯದ ಭಾಷೆಯಲ್ಲಿ ಏನೋ ಕೂಗಿದ. ನಮ್ಮ ಕಡೆ ತೋಟದ ಧಣಿಗಳು ಜೋಪಾನ ಎನ್ನುತ್ತಾರಲ್ಲ, ಅಂಥ ಉಪಚಾರದ ಮಾತೆಂದು ತಿಳಿದು ಹತ್ತಿಯೇಬಿಟ್ಟೆ.

ಶೀನ ಕೆಳಗೆ ನಿಂತು, "ಎಂತ ಮಾರಾಯ, ಪೇರಲೆ ಗಿಡದಷ್ಟೂ ಇಲ್ಲ ಇದು. ಇದ್ನ ಹತ್ತಕ್ಕೆ ಮೂರು ದಿನ ರೈಲಲ್ಲಿ ಬರ್ಬೇಕಿತ್ತಾ?" ಎಂದ.

ನಾನು ಕೇಳಲಿಲ್ಲ. ಯಜಮಾನ ಬೆರಳು ತೋರಿಸಿದ ಕೊಂಬೆಯನ್ನೆಲ್ಲ ನಡುವೆ ಇಳಿಯದೆ ಕೊಯ್ದೆ. ಒಂದು ಮರವಾಯಿತು, ಎರಡಾಯಿತು. ಮರದಿಂದ ಮರಕ್ಕೆ ಹಿಮ ತುಳಿದುಕೊಂಡೇ ಹೋದೆ. ಅವನು ನಡುನಡುವೆ ನನ್ನ ಬೂಟನ್ನೆತ್ತಿ ತೋರಿಸುತ್ತಿದ್ದ. ನಾನು ಬೇಡವೆಂದು ಕೈಯಾಡಿಸುತ್ತಿದ್ದೆ. ಬೆರಳು ಮೊದಲು ಕುಟುಕಿತು, ಆಮೇಲೆ ನೋಯಿತು, ಆಮೇಲೆ ನೋವು ನಿಂತು ಹಾಯೆನ್ನಿಸಿತು. ನನ್ನ ಕಾಲು ಹಿಮಾಲಯಕ್ಕೂ ಒಗ್ಗಿತಲ್ಲ ಎಂದು ಒಳಗೊಳಗೇ ಬೀಗಿದೆ.

ನಾಲ್ಕನೆಯ ಮರದ ಕವಲಿನಲ್ಲಿ ಬಲಗಾಲಿಟ್ಟೆ. ಏನೂ ತಿಳಿಯಲಿಲ್ಲ. ತಣ್ಣಗಿದೆಯೆಂದೂ ತಿಳಿಯಲಿಲ್ಲ, ಒರಟಾಗಿದೆಯೆಂದೂ ತಿಳಿಯಲಿಲ್ಲ. ಕಾಲು ಕೊಂಬೆಯ ಮೇಲಿದೆಯೋ ಗಾಳಿಯಲ್ಲಿದೆಯೋ ಎಂದು ನಾನು ಬಗ್ಗಿ ಕಣ್ಣಿಂದ ನೋಡಬೇಕಾಯಿತು. ನಲವತ್ತು ವರ್ಷದಲ್ಲಿ ಒಮ್ಮೆಯೂ ನಾನು ನನ್ನ ಕಾಲನ್ನು ಹಾಗೆ ಹುಡುಕಿರಲಿಲ್ಲ. ಹತ್ತು ಬೆರಳೂ ಸುಲಿದ ಬೆಳ್ಳುಳ್ಳಿ ಎಸಳಿನ ಹಾಗೆ ಬಿಳಿಚಿಕೊಂಡಿದ್ದವು.

ಕೈಯಲ್ಲೇ ಜೋತು ಇಳಿದೆ. ನೆಲ ಮುಟ್ಟಿದ್ದೂ ಗೊತ್ತಾಗದೆ ಕುಸಿದು ಕೂತೆ. ಶೀನ ನಗಲು ಬಾಯಿ ತೆರೆದವನು ನನ್ನ ಪಾದ ನೋಡಿ ಮುಚ್ಚಿಕೊಂಡ. ಮೂವತ್ತು ವರ್ಷದಲ್ಲಿ ಅವನು ಅರ್ಧಕ್ಕೆ ನಿಲ್ಲಿಸಿದ ತಮಾಷೆ ಅದೊಂದೇ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಅವನು ಬೆನ್ನು ಬಗ್ಗಿಸಿ, "ಹತ್ತು ಬೆನ್ನಿಗೆ" ಎಂದ. ಯಾರ ಹೆಗಲಿಗೂ ಕೈ ಹಾಕದ ನಾನು ಅವನ ಬೆನ್ನೇರಿದೆ.

ಆ ಇಪ್ಪತ್ತು ಮಾರು ದೂರದಲ್ಲಿ ನನ್ನ ತಲೆಯಲ್ಲಿ ಓಡಿದ್ದೆಲ್ಲ ಬರೆದರೆ ಒಂದು ಪುಸ್ತಕವಾದೀತು. ಬೆರಳು ಹೋದರೆ ಮರ ಹೋಯಿತು. ಮರ ಹೋದರೆ ನಾನು ಯಾರು? ಕೆಳಗೆ ನಿಂತು, ಬೇರೆಯವರು ಕಡಿದು ಹಾಕಿದ ಸೊಪ್ಪು ಎಳೆಯುವವನು. ಹಾಗೆ ಎಳೆಯುವವರನ್ನು ಮೇಲಿಂದ ನಾನು ಎಷ್ಟು ಸಲ ಗದರಿಸಿದ್ದೆನೆಂಬುದೂ ಆಗಲೇ ನೆನಪಿಗೆ ಬರಬೇಕೆ!

ಅಡಿಗೆಮನೆಯ ನಡುವೆ ಕಬ್ಬಿಣದ ಒಲೆಯಿತ್ತು. ಮಳೆಗಾಲದಲ್ಲಿ ನೆನೆದು ಬಂದ ಕಾಲನ್ನು ನಾವು ಒಲೆಯ ಮುಂದೆ ಚಾಚುವವರಲ್ಲವೇ, ಶೀನ ನನ್ನ ಪಾದಗಳನ್ನು ನೇರ ಬೆಂಕಿಯ ಬಾಯಿಗೆ ಒಯ್ದ. ಯಜಮಾನನ ಹೆಂಡತಿ "ನಹೀಂ, ನಹೀಂ!" ಎಂದು ಕೂಗಿ ಓಡಿಬಂದು ಅವನ ಕೈಗೆ ಫಟ್ಟನೆ ಹೊಡೆದಳು. ಸತ್ತ ಚರ್ಮಕ್ಕೆ ಬೆಂಕಿಯ ಬಿಸಿ ತಿಳಿಯುವುದಿಲ್ಲ, ಸುಟ್ಟೇಹೋಗುತ್ತದೆ ಎಂದು ಅವಳು ಕೈಸನ್ನೆಯಲ್ಲೇ ಮಾಡಿದ ಪಾಠ ನನಗೆ ಶಾಲೆಯ ಯಾವ ಪಾಠಕ್ಕಿಂತ ಚೆನ್ನಾಗಿ ತಲೆಗೆ ಹೋಯಿತು. ಬೋಗುಣಿಯಲ್ಲಿ ನೀರು ಬೆರೆಸಿ, ಎಳೆಮಗುವಿನ ಸ್ನಾನಕ್ಕೆ ನೋಡುವಂತೆ ಮೊಣಕೈ ಅದ್ದಿ ನೋಡಿ, ಉಗುರುಬೆಚ್ಚಗಾಗಿದೆಯೆಂದು ಖಾತ್ರಿಯಾದ ಮೇಲೆ ನನ್ನ ಕಾಲುಗಳನ್ನು ಅದರೊಳಗಿಟ್ಟಳು.

ಅಷ್ಟರಲ್ಲಿ ಗಿರಿಜೆ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು.

"ಹಿಮ ನೋಡ್ಬೇಕು ಅಂದಿದ್ದು ನಾನು. ನೀವು ಇಲ್ಲಿಗೆ ಬಂದೂ ಮರ ಹತ್ತಿದ್ರಾ? ಬಸರೀಕಟ್ಟೇಲಿ ಮರ ಖಾಲಿ ಆಗಿತ್ತಾ?"

ಅವಳು ಕೆಳಗೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರೊಳಗೆ ಕೈಯಿಟ್ಟು ಒಂದೊಂದೇ ಬೆರಳು ಮುಟ್ಟತೊಡಗಿದಳು.

"ಇದು ಗೊತ್ತಾಗ್ತದಾ?"

"ಇಲ್ಲ."

"ಇದು?"

"ಇಲ್ಲ ಮಾರಾಯ್ತಿ."

ನೀರು ಆರಿತು, ಆ ತಾಯಿ ಮತ್ತೆ ಬಿಸಿನೀರು ಬೆರೆಸಿದಳು. ಶೀನ ಗೋಡೆಗೊರಗಿ ನೆಲ ನೋಡುತ್ತಿದ್ದ. ಎಷ್ಟು ಹೊತ್ತಾಯಿತೋ, ಬಲಗಾಲಿನ ಹೆಬ್ಬೆರಳಿನಲ್ಲಿ ಒಂದು ಇರುವೆ ಹರಿದ ಹಾಗಾಯಿತು. ಆಮೇಲೆ ಇರುವೆಯ ಗೂಡೇ ಎದ್ದಿತು. ಆಮೇಲೆ ಜೀರಿಗೆಮೆಣಸು ಅರೆದು ಹಚ್ಚಿದ ಉರಿ; ಅದರ ಬೆನ್ನಿಗೆ, ಓದುಗ ಮಿತ್ರರೇ, ಯಾರೋ ಸುತ್ತಿಗೆ ಹಿಡಿದು ಒಂದೊಂದೇ ಬೆರಳನ್ನು ಜಜ್ಜುವಂಥ ನೋವು. ಕಣಜ ಕಚ್ಚಿದಾಗ, ಕತ್ತಿ ತಾಗಿದಾಗ ಸದ್ದೆತ್ತದ ನಾನು ಅಯ್ಯಯ್ಯೋ ಅಮ್ಮಾ ಎಂದು ಆ ಮನೆಯ ಮಾಡು ಹಾರುವಂತೆ ಕಿರುಚಿದೆ.

"ಕೂಗಿ," ಎಂದಳು ಗಿರಿಜೆ, ನಗುತ್ತಲೇ ಅಳುತ್ತ. "ಇನ್ನೂ ಜೋರಾಗಿ ಕೂಗಿ."

ಎಡಗಾಲಿನ ಕಿರುಬೆರಳೊಂದು ಮಾತ್ರ ಬಹಳ ಹೊತ್ತು ಸತಾಯಿಸಿತು. ಕಡೆಗೆ ಅದಕ್ಕೂ ನೋವು ಬಂದಾಗ, ದೂರದ ಊರಿಗೆ ಹೋದ ಎಲ್ಲರೂ ಮನೆ ಸೇರಿದ ಮೇಲೆ ಬಾಗಿಲು ಹಾಕಿಕೊಳ್ಳುವ ನೆಮ್ಮದಿಯಾಯಿತು ನನಗೆ. ನೋವನ್ನು ಹೀಗೆ ಕರೆದು ಕೂರಿಸಿಕೊಂಡವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದು. ಸಂಜೆ ಅಲ್ಲಿಯ ಡಾಕ್ಟರು ಬಂದು ನೋಡಿ, ಬೆರಳೆಲ್ಲ ಉಳಿದಿವೆ, ಚಳಿ ತಾಗದ ಹಾಗೆ ನೋಡಿಕೊಳ್ಳಬೇಕು, ಒಂದು ತಿಂಗಳು ಮರ ಹತ್ತಬಾರದು ಎಂದರು. ಮರಗಸಿಗೆ ಅದಕ್ಕಿಂತ ಹೆಚ್ಚು ದಿನವಿತ್ತು. ಶೀನನ ತಮಾಷೆ ಅಷ್ಟರಲ್ಲಿ ಚೇತರಿಸಿಕೊಂಡಿತ್ತು. "ಒಂದು ತಿಂಗಳು ಬೇಡ ಅಂದ್ರಂತೆ. ಅದೇನು, ಪೇರಲೆ ಗಿಡಕ್ಕೂ ಸೇರಿಯಾ?"

ಮರುದಿನ ಬಸ್ಸು ಹೊರಡಲು ಇನ್ನೂ ಒಂದು ಗಂಟೆಯಿತ್ತು. ಆ ತಾಯಿ ಕೊಟ್ಟ ಉಣ್ಣೆಯ ಕಾಲುಚೀಲ ಹಾಕಿ, ಅದರ ಮೇಲೆ ಬೂಟು ಹಾಕಿ, ಗಿರಿಜೆಯ ಕೈ ಹಿಡಿದು ಕುಂಟುತ್ತ ತೋಟಕ್ಕೆ ಹೋದೆ. ಯಜಮಾನ ಐದನೆಯ ಮರದಲ್ಲಿದ್ದ. ಅವನ ಏಣಿಯ ಒಂದು ಕಾಲು ಹಿಮದಲ್ಲಿ ಹೂತು ವಾಲುತ್ತಿತ್ತು. ನಾನು ಹೋಗಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವನು ಕೆಳಗೆ ನೋಡಿದ, ಮೊದಲು ನನ್ನ ಬೂಟು, ಆಮೇಲೆ ನನ್ನ ಮುಖ. ನೋಡಿ ನಿಶ್ಚಿಂತೆಯಿಂದ ಇನ್ನೊಂದು ಮೆಟ್ಟಿಲು ಹತ್ತಿದ.

ಬೇರೆಯವರು ಕೊಯ್ಯುವಾಗ ಬುಡದಲ್ಲಿ ಏಣಿ ಹಿಡಿದು ನಿಂತು ಮರ ನೋಡಿದ್ದು ನನಗೆ ಅದೇ ಮೊದಲು. ಮೇಲಿದ್ದಾಗ ಕೈಗೆ ಸಿಗುವ ಕೊಂಬೆಯಷ್ಟೇ ಕಾಣುತ್ತದೆ. ಇಲ್ಲಿಂದ ಇಡೀ ಮರ ಕಾಣುತ್ತಿತ್ತು. ಯಾವುದು ಯಾವುದಕ್ಕೆ ಅಡ್ಡ ಬಂದಿದೆ, ಬೆಳಕು ಎಲ್ಲಿಂದ ಬರಬೇಕು, ಎಲ್ಲವೂ ಕಾಣುತ್ತಿತ್ತು. ಬಲಗಡೆಯ ಒಂದು ಕೊಂಬೆ ತೋರಿಸಿ ಅದನ್ನು ತೆಗೆ ಎಂದೆ. ಯಜಮಾನ ತಲೆಯಲ್ಲಾಡಿಸಿ, ಅದರಲ್ಲಿ ಮೂಡಿದ್ದ ಮೊಗ್ಗು ತೋರಿಸಿ, ಪಕ್ಕದ್ದನ್ನು ಕೊಯ್ದ. ಹೌದಲ್ಲ, ನಾವು ಕಡಿಯುವುದು ಕೆಳಗಿನ ಗಿಡಕ್ಕಾಗಿ. ಅವನು ಕಡಿಯುತ್ತಿದ್ದುದು ಆ ಮರಕ್ಕಾಗಿಯೇ. ಬುದ್ಧಿ ಹೇಳುವವರು ಮೂರು ತಾಲ್ಲೂಕಿನ ಆಚೆ ಇದ್ದಾರೆ ಎಂದುಕೊಂಡೆ, ಬೇಸರವೇನೂ ಆಗಲಿಲ್ಲ.

ಕೊಯ್ದ ಕೊಂಬೆ ಹಿಮದ ಮೇಲೆ ಬಿತ್ತು. ನಾನು ಏಣಿ ಬಿಡದೆ ಒಂದು ಕೈ ಚಾಚಿ ಅದನ್ನು ಪಕ್ಕಕ್ಕೆ ಎಳೆದೆ. ಗಿರಿಜೆ ಇನ್ನೊಂದನ್ನು ಎಳೆದಳು. ಬೂಟಿನೊಳಗೆ ಹತ್ತು ಬೆರಳೂ ಒಂದೊಂದಾಗಿ, ಸ್ಪಷ್ಟವಾಗಿ, ಹಿತವಾಗಿ ನೋಯುತ್ತಿದ್ದವು.