ಎರಡು ದಿನ ಸಾಕು

ಅರಿಶಿನದ ಎಲೆಯಲ್ಲಿ ಕಡುಬು ಬೇಯುವ ಪರಿಮಳಕ್ಕೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಅಣ್ಣ ನೆನಪಾಗುತ್ತಾನೆ, ಹಿಂದೆಯೇ ಸಿಟ್ಟೂ ಬರುತ್ತದೆ. ಇವತ್ತು ಬೆಳಿಗ್ಗೆ ತೀರ್ಥಹಳ್ಳಿಯ ಬೀಗರ ಮನೆಗೆಂದು ಕಡುಬು ಬೇಯಿಸುತ್ತಿದ್ದೆ. ಹೆರಿಗೆ ಅಲ್ಲೇ ಆಗಿತ್ತು; ಚೊಚ್ಚಲ ಬಾಣಂತಿ ಮಗಳನ್ನೂ ಕೂಸನ್ನೂ ಸಾಗರಕ್ಕೆ, ನಮ್ಮ ಮನೆಗೆ ಕಳಿಸಿಕೊಡಿ ಎಂದು ಕೇಳುವುದಿತ್ತು. ನಮ್ಮ ಯಜಮಾನರು ಅಂಗಿಯ ಗುಂಡಿ ಹಾಕುತ್ತಾ, "ಜಾಸ್ತಿ ಕೇಳಿದ್ರೆ ಚೆನ್ನಾಗಿರಲ್ಲ. ಒಂದ್ ತಿಂಗ್ಳು ಅಂತೀನಿ, ಸಾಕು" ಎಂದರು.

ಈ 'ಸಾಕು' ನನಗೆ ಹಳೆಯ ಪರಿಚಯ.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ, ಹೊಸನಗರದ ತವರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಣ್ಣ ಕಡುಬಿನ ಡಬ್ಬಿ ಹಿಡಿದು ನನ್ನನ್ನು ಕರೆದೊಯ್ಯಲು ಬಂದ. ಸಾಧು ಮನುಷ್ಯ. ಕುರ್ಚಿಯ ಅಂಚಿನಲ್ಲಿ ಕೂತು, ಬಸ್ಸಿನ ರಷ್ಷು, ನೆಂಟರ ಆರೋಗ್ಯ ಎಲ್ಲ ಮುಗಿಸಿ, ಕೊನೆಗೆ ನನ್ನ ಅತ್ತೆಗೆ, "ಎರಡ್ ದಿನ ಕಳ್ಸಿದ್ರೆ ಸಾಕಿತ್ತು" ಎಂದ.

"ಹೊಸನಗರ ಎಂತ ದೂರ ಮಾರಾಯ? ಒಂದ್ ರಾತ್ರಿ ಇದ್ದು ಬರ್ಲಿ" ಎಂದರು ಅತ್ತೆ.

ಅಷ್ಟಾದರೂ ಬಿಟ್ಟರಲ್ಲ ಎಂದು ಅಣ್ಣ ಗೆದ್ದವನಂತೆ ಒಳಗೆ ಬಂದ. ನಾನೂ ದೇವರಿಗೆ ಕೈಮುಗಿದೆ.

ಅದೇ ವಾರ ಓರಗಿತ್ತಿಯ ತಮ್ಮ ಬಂದ. ಅವರ ಮನೆಯಲ್ಲಿ ಯಾರಿಗೂ ನೆಗಡಿಯೂ ಇರಲಿಲ್ಲ. ಬೆಂಚಿನ ನಟ್ಟನಡುವೆ ಕೂತವನು, ಹಪ್ಪಳ ಮಾಡಲು ಜನ ಇಲ್ಲ, ಅಕ್ಕನನ್ನು ಒಂದು ತಿಂಗಳು ಕರೆದುಕೊಂಡು ಹೋಗುತ್ತೇನೆ ಎಂದ. ಅತ್ತೆ ಹೌಹಾರಿದರು. ವಾದ ಮಾಡಿ ಹದಿನೈದು ದಿನಕ್ಕೆ ಇಳಿಸಿ, ಹುಡುಗನನ್ನು ಹೇಗೆ ಬಗ್ಗಿಸಿದೆ ನೋಡಿ ಎಂದು ಸಂಜೆಯಿಡೀ ಮೆರೆದರು. ಅದೇ ಅತ್ತೆ, ಅದೇ ಜಗಲಿ! ಅವರಿಗೆ ಸೊಂಟವೂ ಒಂದೇ, ಹಪ್ಪಳವೂ ಒಂದೇ; ಕೇಳಿದ್ದರಲ್ಲಿ ಅರ್ಧ ಕತ್ತರಿಸುವುದು ಅವರ ಪದ್ಧತಿ. ಅಂಥವರ ಮುಂದೆ ಎರಡು ದಿನ ಕೇಳುವುದನ್ನು ಮರ್ಯಾದೆ ಎನ್ನುತ್ತಾರಂತೆ. ಯಾರ ಮರ್ಯಾದೆ?

ಅಮ್ಮ ಎದ್ದು ಓಡಾಡಿದಳು, ದೇವರ ದಯೆ. ಕೈಹಿಡಿದು ನಡೆಸಿದವಳು ಮಾತ್ರ ಪಕ್ಕದ ಮನೆಯಾಕೆ. ನಾನು ಇಲ್ಲಿ ಓರಗಿತ್ತಿಯ ಪಾಲಿನ ಪಾತ್ರೆಯನ್ನೂ ತಿಕ್ಕುತ್ತಿದ್ದೆ.

"ನಾನೂ ಬರ್ತೀನಿ. ಮಾತು ನಂದು, ನೀವು ಚೀಲ ಹಿಡ್ಕಳಿ" ಎಂದೆ ಇವತ್ತು ಯಜಮಾನರಿಗೆ. ಹೊರಡುವ ಮುಂಚೆ ದೀಪ ಹಚ್ಚಿ ಐದು ತಿಂಗಳೆಂದೇ ಬೇಡಿಕೊಂಡೆ. ದೇವರ ಮುಂದೆ ಒಂದು, ಬೀಗರ ಮುಂದೆ ಒಂದು ಹೇಳಲು ನನಗೆ ಬರುವುದಿಲ್ಲ.

ಐದು ಎಂದದ್ದೇ ಬೀಗಿತ್ತಿ ಕಾಫಿ ಲೋಟ ಕೆಳಗಿಟ್ಟರು. ನಾವು ಒಂದೂವರೆ ತಿಂಗಳು ಅಂದುಕೊಂಡಿದ್ದೆವು ಎಂದರು. ಯಜಮಾನರ ಮುಖ ಅರಳಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಅವರತ್ತ ಕಣ್ಣು ಬಿಟ್ಟೆ. ಎಣ್ಣೆಸ್ನಾನ, ಪಥ್ಯ, ಕೂಸಿನ ಇಂಜೆಕ್ಷನ್ ಎಲ್ಲ ಮಾತಾಗಿ ಮೂರು ತಿಂಗಳಿಗೆ ನಿಂತಿತು.

ಒಳಗೆ ಹೋಗಿ ಮಗಳಿಗೆ ಹೇಳಿದೆ.

"ಮೂರಾ?" ಎಂದಳು. "ಹದಿನೈದ್ ದಿನ ಬಿಟ್ರೆ ಪುಣ್ಯ ಅಂದ್ಕೊಂಡು ಎರಡೇ ನೈಟಿ ಇಟ್ಕೊಂಡಿದ್ದೆ ಅಮ್ಮ."

ಬ್ಯಾಗಿನ ಜಿಪ್ಪೂ ಎಳೆದಾಗಿತ್ತು. ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ. ದೇವರ ಮುಂದೆ ನಾನು ದಿನಾ 'ಇಷ್ಟಾದರೂ ಸಿಕ್ಕಿತಲ್ಲ' ಎನ್ನುವುದನ್ನು ಕೇಳುತ್ತಲೇ ಬೆಳೆದವಳು ಅವಳು. ಕೂಸನ್ನು ಎತ್ತಿಕೊಂಡು ಬೀರು ತೆರೆದೆ.

"ಎಲ್ಲಾ ತುಂಬು."